ವಿದಾಯ ಹೇಳಬೇಡಿ, ನಾಯಿ ಕೇಳಿಸಿಕೊಳ್ಳುತ್ತದೆ

ಅಕ್ಟೋಬರ್ ತಿಂಗಳ ಬೆಳಗು. ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಈ ದಿನಗಳಲ್ಲಿ ಸೂರ್ಯನಿಗೂ ಏಳಲು ಸೋಮಾರಿತನ. ಜಿಮ್ಮಿ ಲವೆಲ್ ಅವರ ಅಂಗಳದಲ್ಲಿ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಹೆಂಗಸೊಬ್ಬರು ಕೂತಿದ್ದಾರೆ. ತಲೆಗೆ ಉಣ್ಣೆ ಟೋಪಿ, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಆರಿ ತಣ್ಣಗಾದ ಚಹಾ. ಎದುರಿಗೆ ಹುಲ್ಲಿನ ಕೊಟ್ಟಿಗೆಯ ಬಾಗಿಲಲ್ಲಿ ಕಪ್ಪು ಬಿಳುಪಿನ ಕುರಿನಾಯಿಯೊಂದು ಮಲಗಿಕೊಂಡು ಅವರನ್ನೇ ನೋಡುತ್ತಿದೆ. ಅವರು ಮಾತ್ರ ಅದರ ಕಡೆ ತಿರುಗುವುದಿಲ್ಲ. ಬೇಲಿ ನೋಡುತ್ತಾರೆ, ಮೋಡ ನೋಡುತ್ತಾರೆ, ತಮ್ಮ ಬೂಟಿಗೆ ಮೆತ್ತಿದ ಕೆಸರು ನೋಡುತ್ತಾರೆ.

"ಮನೆಗೆ ಹೊಸಬರು ಬಂದು ನಿಮ್ಮನ್ನೇ ದಿಟ್ಟಿಸಿ ನೋಡ್ತಾ ಕೂತ್ರೆ ನಿಮಗೆ ಇಷ್ಟ ಆಗುತ್ತಾ? ಇವನಿಗೂ ಆಗಲ್ಲ. ಇವನಿಗೆ ಬೇಕಾದಾಗ ಬರ್ತಾನೆ. ಬರದಿದ್ರೆ ನಾಳೆ ಮತ್ತೆ ಬಂದು ಕೂತ್ಕೋತೀನಿ, ನನಗೇನು ಅರ್ಜೆಂಟು?" ಅನ್ನುತ್ತಾರೆ ಡೀಲಿಯಾ ರುವೇನ್.

ಅರ್ಜೆಂಟು ಇಲ್ಲ ಅನ್ನುವುದು ನಾಯಿಗೆ ಕೇಳಲೆಂದು ಆಡಿದ ಮಾತು. ನಿಜಕ್ಕೂ ಅರ್ಜೆಂಟಿದೆ. ನಾಯಿಯ ಯಜಮಾನ ಜಿಮ್ಮಿ ಮುಂದಿನ ಶುಕ್ರವಾರ ವಿಮಾನ ಹತ್ತಿ ಟೊರಾಂಟೊಗೆ ಹೊರಡುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ, ಮದುವೆಯಾಗಿಲ್ಲ, ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಯೌವನದಲ್ಲಿ ಟೊರಾಂಟೊದಲ್ಲಿ ಗಾರೆ ಕೆಲಸ ಮಾಡಿ ಅಲ್ಲಿನ ಪೌರರಾಗಿದ್ದವರು, ಕುರಿ ಸಾಕುವ ಆಸೆಗೆ ಊರಿಗೆ ಮರಳಿದ್ದರು. ಈಗ ಅಲ್ಲಿರುವ ವಿಧವೆ ತಂಗಿ ತೆರೇಸಾ "ಬಾರೋ ಅಣ್ಣ, ಇಬ್ಬರೂ ಜೊತೆಗಿರೋಣ" ಎಂದು ಕರೆದಿದ್ದಾಳೆ. ಕುರಿಗಳು ಮಾರಾಟವಾಗಿವೆ, ಹೊಲ ಪಕ್ಕದವರ ಪಾಲಾಗಿದೆ. ಉಳಿದಿರುವುದು ಈ ನಾಯಿ, ಕ್ಯಾಪ್ಟನ್ ಒಬ್ಬನೇ. ತೆರೇಸಾಳ ಮನೆ ಒಂಬತ್ತನೇ ಮಹಡಿಯಲ್ಲಿ, ಆ ಕಟ್ಟಡಕ್ಕೆ ನಾಯಿಗಳಿಗೆ ಪ್ರವೇಶವಿಲ್ಲ. ಇದ್ದರೂ ಹನ್ನೊಂದು ವರ್ಷದ ಬೆಟ್ಟದ ನಾಯಿ ಲಿಫ್ಟಿನೊಳಗೆ ಏನು ಮಾಡೀತು?

ಜಿಮ್ಮಿ ಬಾಗಿಲಿಗೆ ಬಂದು ಕಣ್ಣು ಕಿರಿದು ಮಾಡಿ ಅಂಗಳ ನೋಡುತ್ತಾರೆ. "ಏನಂತಾನೆ ನಮ್ಮ ಸಾಹೇಬ?"

"ನಿನ್ನ ಮೇಲೆ ದೂರು ಹೇಳ್ತಿದ್ದ. ಬೇಕನ್ ತೊಗಲೆಲ್ಲ ನೀನೇ ನುಂಗ್ತೀಯಂತೆ."

"ಸುಳ್ಳ! ನನ್ನ ತಟ್ಟೇಲಿ ಅರ್ಧ ಪಾಲು ಅವನದೇ." ಜಿಮ್ಮಿ ನಗುತ್ತಾರೆ. ಆಮೇಲೆ ದನಿ ಇಳಿಸುತ್ತಾರೆ. "ಡೀಲಿಯಾ, ಗುರುವಾರದೊಳಗೆ ಯಾರೂ ಸಿಗದಿದ್ರೆ ದನದ ಡಾಕ್ಟ್ರಿಗೆ ಹೇಳಿಟ್ಟಿದೀನಿ. ಒಂದು ಸೂಜಿ. ಅವನಿಗೆ ಗೊತ್ತೂ ಆಗಲ್ವಂತೆ. ಬೀದಿಪಾಲು ಮಾಡಿ ಹೋಗೋದಕ್ಕಿಂತ ಅದೇ ವಾಸಿ."

"ನಿನಗೂ ಒಂದು ಹಾಕ್ಸೋಣ, ಸಾಮಾನು ಕಟ್ಟೋ ಕೆಲಸ ತಪ್ಪುತ್ತೆ," ಎಂದು ಡೀಲಿಯಾ ರೇಗುತ್ತಾರೆ. ಉಳಿದ ಚಹಾವನ್ನು ಅಂಗಳಕ್ಕೆ ಚೆಲ್ಲಿಬಿಡುತ್ತಾರೆ.

ಇದೇ ಡೀಲಿಯಾ ಅವರ ಕೆಲಸ. ಕಡಲು ದಾಟಿ ಹೋಗುವವರು ಬಿಟ್ಟುಹೋಗುವ ನಾಯಿ, ಬೆಕ್ಕು, ಮೊಲ, ಒಮ್ಮೊಮ್ಮೆ ಕತ್ತೆಗೂ ಮನೆ ಹುಡುಕಿಕೊಡುವುದು. ಇದಕ್ಕೆ ಬೋರ್ಡಿಲ್ಲ, ಕಚೇರಿಯಿಲ್ಲ, ಸಂಬಳವಂತೂ ಕೇಳಲೇಬೇಡಿ. ಅಡುಗೆಮನೆಯ ಫೋನು, ತುಕ್ಕು ಹಿಡಿದ ಬಿಳಿ ವ್ಯಾನು, ಸುತ್ತಲಿನ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಹೋಗುವ ಹೆಸರು, ಇಷ್ಟೇ ಬಂಡವಾಳ. ವಾರಕ್ಕೆ ಮೂರು ನಾಲ್ಕು ಕರೆ ಬರುತ್ತವೆ. ಕ್ರಿಸ್‌ಮಸ್ ಮುಗಿದ ಮೇಲೆ ಪರ್ತ್, ಸಿಡ್ನಿ, ವ್ಯಾಂಕೂವರ್ ಎಂದು ಊರಿನ ಅರ್ಧ ಯುವಕರು ಪೆಟ್ಟಿಗೆ ಕಟ್ಟುವಾಗ ಫೋನಿಗೆ ಪುರಸೊತ್ತೇ ಇಲ್ಲ. ಹೊರಡುವವರಿಗೆ ವೀಸಾ ನೆನಪಿರುತ್ತದೆ, ಕೋಟು ನೆನಪಿರುತ್ತದೆ, ಬೀಳ್ಕೊಡುಗೆಯ ಕುಡಿತವಂತೂ ತಪ್ಪಿದ್ದಲ್ಲ. ನಾಯಿ ನೆನಪಾಗುವುದು ಕೊನೆಯ ವಾರದಲ್ಲಿ.

"ನನ್ನ ಚಿಕ್ಕಪ್ಪನ ಮಗ ನೋಡ್ಕೋತಾನೆ ಅಂತ ಎಲ್ಲರೂ ಹೇಳ್ತಾರೆ. ಈ ಐರ್ಲೆಂಡಲ್ಲಿ ಚಿಕ್ಕಪ್ಪನ ಮಕ್ಕಳಿಗೆ ಬರ ಇಲ್ಲ ನೋಡಿ. ನಾಯಿ ಮನೆಗೆ ಬಂತು ಅನ್ನೋ ಹೊತ್ತಿಗೆ ಒಬ್ಬನಿಗೆ ಅಲರ್ಜಿ, ಇನ್ನೊಬ್ಬನಿಗೆ ಹೆಂಡತಿ," ಎಂದು ಅವರು ಕಣ್ಣು ಮಿಟುಕಿಸುತ್ತಾರೆ.

ಮೊದಲು ಡೀಲಿಯಾ ಅಂಚೆ ಹಂಚುತ್ತಿದ್ದರು. ಮೊದಮೊದಲು ಸೈಕಲ್ಲಿನಲ್ಲಿ, ಆಮೇಲೆ ವ್ಯಾನಿನಲ್ಲಿ, ನಿವೃತ್ತಿಯಾಗುವವರೆಗೂ. ಅಂಚೆಯವರಿಗೂ ನಾಯಿಗಳಿಗೂ ಇರುವ ಸ್ನೇಹ ಎಲ್ಲರಿಗೂ ಗೊತ್ತಿದ್ದದ್ದೇ. ಎಡಗಾಲಿನ ಮೀನಖಂಡದಲ್ಲಿ ಇನ್ನೂ ಹಲ್ಲಿನ ಗುರುತಿದೆ. "ಅಷ್ಟು ವರ್ಷ ಅವು ನನ್ನ ಹಿಂದೆ ಓಡಿದ್ವು, ಈಗ ನಾನು ಅವುಗಳ ಹಿಂದೆ ಓಡ್ತಿದೀನಿ, ಲೆಕ್ಕ ಸರಿಹೋಯ್ತು" ಅನ್ನುತ್ತಾರೆ. ಆದರೆ ಯಾವ ಮನೆಯಲ್ಲಿ ನಾಯಿಯನ್ನು ಒಳಗೆ ಮಲಗಿಸುತ್ತಾರೆ, ಯಾವ ಮನೆಯಲ್ಲಿ ಹೊರಗೆ ಸರಪಳಿ ಕಟ್ಟುತ್ತಾರೆ ಎಂದು ಅವರಷ್ಟು ತಿಳಿದವರು ಈ ಕಡೆ ಇಲ್ಲ. ಅದಕ್ಕೇ ಜನ ಅವರ ಬಳಿ ಬರುತ್ತಾರೆ.

ಬೆಕ್ಕುಗಳ ವಿಚಾರದಲ್ಲಿ ಅವರ ಕ್ರಮವೇ ಬೇರೆ. ಮನೆ ಬದಲಿಸುವಾಗ ಬೆಕ್ಕನ್ನು ಜೊತೆಗೆ ಒಯ್ದರೆ ಕೇಡು ಎನ್ನುವುದು ಇಲ್ಲಿ ಅಜ್ಜಿಯಂದಿರ ಕಾಲದ ಮಾತು. ಬೆಕ್ಕು ಮನೆಯದು, ಮನುಷ್ಯರದಲ್ಲ. ಹಾಗಾಗಿ ಡೀಲಿಯಾ ಬೆಕ್ಕಿಗೆ ಮನೆ ಹುಡುಕುವುದಿಲ್ಲ, ಬೆಕ್ಕಿರುವ ಮನೆಗೆ ಜನ ಹುಡುಕುತ್ತಾರೆ! ಹೋದ ಚಳಿಗಾಲದಲ್ಲಿ ಒಂದು ಮನೆ ನೋಡಲು ಬಂದ ದಂಪತಿಗೆ ಅವರು ಮೊದಲು ತೋರಿಸಿದ್ದು ಸೂರನ್ನೂ ಅಲ್ಲ, ಒಲೆಯನ್ನೂ ಅಲ್ಲ, ಕಿಟಕಿಯಲ್ಲಿ ಕೂತಿದ್ದ ಹಳದಿ ಬೆಕ್ಕನ್ನು. "ಇದು ಮನೆ ಯಜಮಾನಿ. ಇವಳಿಗೆ ನೀವು ಒಪ್ಪಿಗೆ ಆದ್ರೆ ಬಾಡಿಗೆ ಮಾತಾಡೋಣ," ಎಂದರಂತೆ.

ನಾಯಿ ಹಾಗಲ್ಲ. ಅದಕ್ಕೆ ಗೋಡೆ ಬೇಡ, ಮನುಷ್ಯ ಬೇಕು. ಅದಕ್ಕೇ ಈ ಬಕೆಟ್ ಮೇಲಿನ ಕೂರುವಿಕೆ. ಒಂದು ವಾರ ದಿನಾ ಬೆಳಗ್ಗೆ ಹೋಗಿ ಕೂತು ನಾಯಿಯ ಅಭ್ಯಾಸಗಳನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ: ಯಾವ ಸದ್ದಿಗೆ ಕಿವಿ ನಿಮಿರಿಸುತ್ತದೆ, ಅನ್ನದ ಬಟ್ಟಲು ಎಲ್ಲಿಡುತ್ತಾರೆ, ಗುಡುಗಿದರೆ ಎಲ್ಲಿ ನುಸುಳಿಕೊಳ್ಳುತ್ತದೆ. ಹೊಸ ಮನೆಯವರಿಗೆ ಇದನ್ನೆಲ್ಲ ಹೇಳಿಕೊಡುತ್ತಾರೆ. ಹೀಗೆ ಕೂತು ಕೂತೇ ಅವರಿಗೆ ಒಂದು ವಿಷಯ ಹೊಳೆದದ್ದು.

ಈ ನಾಡಿನ ಜನ ಫೋನ್ ಇಡುವಾಗ ಒಂದು ಸಲ ಬೈ ಹೇಳಿ ಸುಮ್ಮನಾಗುವವರಲ್ಲ. "ಬೈ, ಬೈ, ಬೈ, ಬೈ ಬೈ ಬೈ" ಎಂದು ಉಸಿರು ಮುಗಿಯುವವರೆಗೂ ಹೇಳುತ್ತಲೇ ರಿಸೀವರನ್ನು ಕಿವಿಯಿಂದ ಮೆಲ್ಲಗೆ ದೂರ ಸರಿಸುತ್ತಾರೆ. ಅಂಗಡಿಯಿಂದ ಹೊರಡುವಾಗಲೂ ಅಷ್ಟೇ, ಬ್ಯಾಂಕಿನಲ್ಲೂ ಅಷ್ಟೇ. ಮಾತು ಮುಗಿದ ಮೇಲೆ ಎದ್ದು ಕೋಟು ಹಾಕಿಕೊಂಡು ಹೊರಗೆ ನಡೆಯುತ್ತಾರೆ, ನಾಯಿಯೂ ಜೊತೆಗೆ ಹೋಗುತ್ತದೆ. ವರ್ಷಗಟ್ಟಲೆ ಇದನ್ನೇ ಕೇಳಿದ ನಾಯಿ ಏನೆಂದು ತಿಳಿದೀತು? ಬೈ ಬೈ ಅಂದರೆ "ಏಳು, ಹೋಗೋಣ" ಎಂದೇ ತಿಳಿಯುತ್ತದೆ.

ಇದು ಗೊತ್ತಿಲ್ಲದೆ ಆದ ಅನಾಹುತವೊಂದನ್ನು ಡೀಲಿಯಾ ಮರೆತಿಲ್ಲ. ಮೆಲ್ಬರ್ನಿಗೆ ಹೊರಟ ದಾದಿಯೊಬ್ಬಳು ತನ್ನ ನಾಯಿಯನ್ನು ಹೊಸ ಮನೆಗೆ ಬಿಟ್ಟು, ಗೇಟಿನಲ್ಲಿ ನಿಂತು ಅಳುತ್ತ ಬೈ ಬೈ ಬೈ ಎಂದಳು. ನಾಯಿ ಖುಷಿಯಿಂದ ಕುಣಿಯಿತು. ಕಾರು ಹೊರಟಿತು, ನಾಯಿ ಗೋಡೆ ಹಾರಿ ಹಿಂದೆ ಓಡಿತು, ನಾಲ್ಕು ದಾರಿ ಕೂಡುವಲ್ಲಿ ಕಾರು ಕಣ್ಮರೆಯಾಯಿತು. ನಾಯಿ ಅಲ್ಲೇ ಕೂತುಬಿಟ್ಟಿತು. ಮಾಂಸ ಹಿಡಿದು ಕರೆದರೂ ಬರಲಿಲ್ಲ, ಮಳೆಗೂ ಕದಲಲಿಲ್ಲ. ಕಡೆಗೆ ಡೀಲಿಯಾ ಅದರ ಪಕ್ಕದಲ್ಲೇ ಟಾರ್ಪಾಲು ಹೊದ್ದು ಕೂತರು. "ಅದು ಆಸೆಯಿಂದ ಕೂತಿತ್ತು ಕಣ್ರೀ, ಬೇಜಾರಿಂದ ಅಲ್ಲ. ಕರೆದಿದಾರೆ, ಬಂದೇ ಬರ್ತಾರೆ ಅಂತ. ಅದನ್ನ ನೋಡೋಕೆ ನನ್ನ ಕೈಲಿ ಆಗಲಿಲ್ಲ." ಅಂದಿನಿಂದ ಅವರದು ಒಂದೇ ಕಟ್ಟಳೆ. ನಾಯಿ ಒಪ್ಪಿಸುವಾಗ ಅಪ್ಪು, ಮುತ್ತು ಕೊಡು, ಬೇಕಾದ್ದು ಮಾಡು, ಆದರೆ ಬೈ ಹೇಳಕೂಡದು. ನಾಯಿ ಉಣ್ಣುತ್ತಿರುವಾಗ ಸುಮ್ಮನೆ ಎದ್ದು ನಡೆದುಬಿಡಬೇಕು.

ಕ್ಯಾಪ್ಟನ್ ವಿಷಯದಲ್ಲಿ ಕಷ್ಟ ಅದಕ್ಕಿಂತ ಮೊದಲೇ ಶುರುವಾಗಿದೆ. ಅದನ್ನು ಕೇಳುವವರೇ ಇಲ್ಲ. ಕುರಿ ಇರುವವರಿಗೆ ಮುದಿನಾಯಿ ಬೇಡ, ಕುರಿ ಇಲ್ಲದವರಿಗೆ ಕುರಿನಾಯಿ ಬೇಡ. ಸಂತೆಯಲ್ಲಿ ಒಬ್ಬ ರೈತ ಅದರ ಹಲ್ಲು ಬಿಡಿಸಿ ನೋಡಿ, "ಡೀಲಿಯಾ, ಇವನಿಗೆ ನಾಯಿಮನೆ ಬೇಡ, ವೃದ್ಧಾಶ್ರಮ ನೋಡು" ಎಂದು ನಕ್ಕ. "ಹೌದಪ್ಪ, ನಿನ್ನ ಪಕ್ಕದ ಮಂಚ ಕಾದಿರಿಸಿದೀನಿ," ಎಂದು ಡೀಲಿಯಾ ಅವನ ಬಾಯಿ ಮುಚ್ಚಿಸಿದರು. ಸಂತೆಯವರೆಲ್ಲ ನಕ್ಕರು, ನಾಯಿಯನ್ನು ಮಾತ್ರ ಯಾರೂ ಒಯ್ಯಲಿಲ್ಲ. ಸೋಮವಾರವಾಯಿತು. ಡೀಲಿಯಾಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ, ಕಣ್ಣು ಮುಚ್ಚಿದರೆ ಆ ಡಾಕ್ಟರ ಸೂಜಿಯೇ ಕಾಣುತ್ತದೆ.

ಮಂಗಳವಾರ ಜಸೀರಾ ಫೋನ್ ಮಾಡುತ್ತಾಳೆ. ಬ್ರೆಜಿಲ್‌ನವಳು, ಮಾಂಸದ ಕಾರ್ಖಾನೆಯಲ್ಲಿ ಕೆಲಸ, ಊರಾಚೆಯ ಬಾಡಿಗೆ ಮನೆಯಲ್ಲಿ ಗಂಡನ ಜೊತೆ ಒಂದಿಷ್ಟು ಕೋಳಿ ಸಾಕಿಕೊಂಡಿದ್ದಾಳೆ. ಅವಳಿಗೆ ಸುದ್ದಿ ಹೇಳಿದ್ದು ಸಂತೆಯಲ್ಲಿ ಮೊಟ್ಟೆ ಕೊಳ್ಳುವ ಹೆಂಗಸು.

"ಡೀಲಿಯಾ ಅಮ್ಮ, ಆ ನಾಯಿ ಊಟ ಎಷ್ಟು ಹೊತ್ತಿಗೆ ಮಾಡುತ್ತೆ?"

ಡೀಲಿಯಾ ಕುರ್ಚಿ ಎಳೆದುಕೊಂಡು ಕೂತೇಬಿಡುತ್ತಾರೆ. ಅದುವರೆಗೆ ವಿಚಾರಿಸಿದವರೆಲ್ಲ ಕೇಳಿದ್ದು ವಯಸ್ಸು, ಹಲ್ಲು, ಕಚ್ಚುತ್ತಾ, ಕೆಲಸ ಮಾಡುತ್ತಾ ಎಂದು. ಊಟದ ಹೊತ್ತು ಕೇಳಿದವಳು ಇವಳೊಬ್ಬಳೇ.

"ನೀನು ನಾಯಿ ಸಾಕಿದ್ದೆಯೇನಮ್ಮ?"

"ಇದ್ದಾನೆ. ಫರೋಫಾ ಅಂತ. ಊರಲ್ಲಿ ನಮ್ಮಣ್ಣನ ಮನೇಲಿ ಬಿಟ್ಟು ಬಂದೆ. ನಾನು ಬಸ್ ಹತ್ತಿದ್ದನ್ನ ಅವನು ನೋಡಿಬಿಟ್ಟ, ಅಮ್ಮ. ಈಗ್ಲೂ ಬಸ್ ಬಂದಾಗೆಲ್ಲ ಹೋಗಿ ಇಳಿಯೋರನ್ನ ಒಬ್ಬೊಬ್ಬರನ್ನೇ ಮೂಸಿ ನೋಡ್ತಾನಂತೆ. ವಿಡಿಯೋದಲ್ಲಿ ತೋರಿಸಬೇಡ ಅಂತ ಅಣ್ಣನಿಗೆ ಹೇಳಿದೀನಿ, ನನಗೆ ತಡಕೊಳ್ಳೋಕಾಗಲ್ಲ." ಜಸೀರಾ ಮೂಗು ಸೇದುತ್ತಾಳೆ. "ಅವನನ್ನ ಕರೆಸಿಕೊಳ್ಳೋ ಹಾಗಿಲ್ಲ. ಇಲ್ಲಿ ಒಬ್ಬ ನಿಂತಿದಾನಲ್ಲ, ಇವನಾದ್ರೂ ಇರಲಿ."

ಹೋಗುವವರ ನಾಯಿಗೆ ಬಂದವರೇ ದಿಕ್ಕು. ಇದನ್ನು ಡೀಲಿಯಾ ಈಚೆಗೆ ಕಂಡುಕೊಂಡಿದ್ದಾರೆ. ತಾವೂ ಒಂದನ್ನು ಬಿಟ್ಟು ಬಂದವರಿಗೆ ಹೇಳಿಕೊಡಬೇಕಾದ್ದು ಬಹಳ ಇರುವುದಿಲ್ಲ ಅನ್ನುತ್ತಾರೆ.

ಇನ್ನು ಜಿಮ್ಮಿಯ ತರಬೇತಿ. ಅದೇನು ನಾಯಿಯ ತರಬೇತಿಯಷ್ಟು ಸುಲಭವೆ! ಆ ಸಂಜೆ ಜಿಮ್ಮಿಯ ಅಡುಗೆಮನೆಯಲ್ಲಿ ಡೀಲಿಯಾ ನಾಯಿಯ ಪಾತ್ರ, ಜಿಮ್ಮಿ ತಮ್ಮದೇ ಪಾತ್ರ. ಕುರ್ಚಿಯಿಂದ ಏಳಬೇಕು, ಟೋಪಿ ಹಾಕಬೇಕು, ಮಾತಿಲ್ಲದೆ ಬಾಗಿಲು ದಾಟಬೇಕು. ಮೊದಲ ಸಲ ಜಿಮ್ಮಿ ಎದ್ದು, ಟೋಪಿ ಹಾಕಿ, ಬಾಗಿಲಿಗೆ ಹೋಗಿ, "ಸರಿ ಹಾಗಾದ್ರೆ, ಬೈ ಬೈ ಬೈ" ಅಂದೇಬಿಟ್ಟರು. ಕೊಟ್ಟಿಗೆಯಲ್ಲಿದ್ದ ಕ್ಯಾಪ್ಟನ್ ಎದ್ದು ಬಾಲ ಆಡಿಸುತ್ತ ಬಂದು ನಿಂತಿತು.

"ನೋಡು, ನೋಡು ನಿನ್ನ ಘನಂದಾರಿ ಕೆಲಸ," ಎಂದು ಡೀಲಿಯಾ ಹಣೆ ಚಚ್ಚಿಕೊಂಡರು.

"ಬಾಯಿಗೆ ತಾನಾಗೇ ಬರುತ್ತಲ್ಲೇ, ಏನು ಮಾಡ್ಲಿ? ಸತ್ತವರ ಮನೇಲೂ ಹೆಣಕ್ಕೆ ಬೈ ಹೇಳಿ ಬರೋ ಜನ ನಾವು!"

"ಸತ್ತವರು ಎದ್ದು ಹಿಂದೆ ಓಡಿ ಬರಲ್ಲ ಜಿಮ್ಮಿ."

ಜಿಮ್ಮಿ ನಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. "ಒಂದು ಮಾತೂ ಹೇಳದೆ ಹೋದ್ರೆ ಅವನು ನನ್ನ ಬಗ್ಗೆ ಏನು ತಿಳ್ಕೋತಾನೆ?" ಎಂದು ಕೇಳಿದರು. ಎಲ್ಲರೂ ಈ ಪ್ರಶ್ನೆ ಕೇಳುತ್ತಾರಂತೆ. "ಮತ್ತೊಂದು ಸಲ ಮಾಡು, ಎದ್ದೇಳು," ಎಂದಷ್ಟೇ ಅಂದರು ಡೀಲಿಯಾ.

ಬುಧವಾರ ಮಧ್ಯಾಹ್ನ ಒಪ್ಪಿಸುವ ಹೊತ್ತು. ಕ್ಯಾಪ್ಟನ್ ಮಲಗುವ ಹಳೇ ಕಂಬಳಿಯನ್ನು ಒಗೆಯದೆ ಹಾಗೇ ತಂದು ಜಸೀರಾಳ ಒಲೆಯ ಪಕ್ಕದಲ್ಲಿ ಹಾಸಿದ್ದಾರೆ. ಕೋಳಿಗಳನ್ನು ಕಂಡ ಕ್ಯಾಪ್ಟನ್‌ಗೆ ಹಳೇ ಕಸುಬು ನೆನಪಾಗಿ, ಎಲ್ಲವನ್ನೂ ಅಂಗಳದ ಒಂದು ಮೂಲೆಗೆ ಅಟ್ಟಿ ಕಾವಲು ನಿಂತಿದೆ. "ಅಯ್ಯೋ, ಇನ್ಮೇಲೆ ಮೊಟ್ಟೆ ಇಡೋಕೂ ಇವನ ಅಪ್ಪಣೆ ಬೇಕು!" ಎಂದು ಜಸೀರಾ ನಗುತ್ತಾಳೆ. ಕಷಾಯದಷ್ಟು ಗಟ್ಟಿ ಕಾಫಿ, ಬಿಸಿ ಬಿಸಿ ಚೀಸ್ ಉಂಡೆ ಬರುತ್ತವೆ. ಜಿಮ್ಮಿ ಎರಡು ತಿಂದು, ಮೂರನೆಯದನ್ನು ಮುರಿದು ಮೇಜಿನ ಕೆಳಗೆ ಕೈ ಚಾಚುತ್ತಾರೆ. ಡೀಲಿಯಾ ನೋಡಿಯೂ ನೋಡದಂತಿರುತ್ತಾರೆ.

ಜಸೀರಾ ಬಟ್ಟಲು ಇಡುತ್ತಾಳೆ. ಕ್ಯಾಪ್ಟನ್ ತಲೆ ಬಗ್ಗಿಸಿ ಉಣ್ಣತೊಡಗುತ್ತದೆ. ಜಿಮ್ಮಿ ಏಳುತ್ತಾರೆ, ಟೋಪಿ ಹಾಕುತ್ತಾರೆ. ಬಾಗಿಲಲ್ಲಿ ಒಂದು ಕ್ಷಣ ನಿಂತೇಬಿಡುತ್ತಾರೆ, ಬಾಯಿ ತೆರೆಯುತ್ತದೆ. ಜಿಮ್ಮಿ ತುಟಿ ಕಚ್ಚಿಕೊಂಡು ಹೊರಗೆ ಹೋಗಿ ಗೇಟಿನ ಚಿಲಕ ಅಲ್ಲಾಡಿಸಿ ನೋಡಿ, ಸಡಿಲವಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ವ್ಯಾನು ಹತ್ತುತ್ತಾರೆ. ಕ್ಯಾಪ್ಟನ್ ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತದೆ. ಮತ್ತೆ ಬಟ್ಟಲಿಗೆ ಬಾಯಿ ಹಾಕುತ್ತದೆ.

ವ್ಯಾನು ತಿರುವು ದಾಟಿ, ಮನೆ ಮರೆಯಾದ ಮೇಲೆ ಜಿಮ್ಮಿ ಶುರು ಮಾಡುತ್ತಾರೆ. "ಬೈ, ಬೈ, ಬೈ, ಬೈ ಬೈ ಬೈ..." ಕಿಟಕಿಯಾಚೆ ಮುಖ ಮಾಡಿ, ಕಣ್ಣೀರು ಒರೆಸಿಕೊಳ್ಳದೆ, ಚರ್ಚು ದಾಟಿ, ಸೇತುವೆ ದಾಟುವವರೆಗೂ ಹೇಳುತ್ತಾರೆ. ಡೀಲಿಯಾ ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ. ಆಮೇಲೆ ಇಬ್ಬರೂ ಈ ವರ್ಷದ ಮಳೆಯ ಬಗ್ಗೆ ಮಾತಾಡಿಕೊಂಡು ಮನೆ ತಲುಪುತ್ತಾರೆ.

ಒಪ್ಪಿಸಿದ ಮೇಲೆ ಡೀಲಿಯಾ ಆ ಮನೆಗೆ ಕಾಲಿಡುವುದಿಲ್ಲ. ಅವರ ವ್ಯಾನಿನ ಸದ್ದು ಕೇಳಿದರೆ ನಾಯಿಗೆ ತನ್ನನ್ನು ವಾಪಸ್ ಕರೆದೊಯ್ಯಲು ಬಂದರು ಅನ್ನಿಸುತ್ತದೆ, ವಾರಗಟ್ಟಲೆ ಪಟ್ಟ ಪಾಡು ನೀರುಪಾಲು. ಪೇಟೆಯಲ್ಲಿ ತಾವು ಮನೆ ಕೊಡಿಸಿದ ನಾಯಿ ಎದುರಾದರೆ ಅಂಗಡಿಯೊಳಗೆ ನುಗ್ಗಿಬಿಡುತ್ತಾರೆ. ಒಮ್ಮೆ ಹಾಗೆ ನುಗ್ಗಿದ್ದು ಗಂಡಸರ ಕ್ಷೌರದಂಗಡಿಗೆ. "ಅಂಚೆ ಹಂಚೋವಾಗ ನಾನು ಹೋಗದ ಮನೆ ಇರಲಿಲ್ಲ. ಈಗ ನೋಡಿ, ಹೋಗಬಾರದ ಮನೆಗಳೇ ಜಾಸ್ತಿ ಆಗಿಬಿಟ್ಟವೆ. ಅವನ್ನೆಲ್ಲ ಒಂದು ಸಲ ತಬ್ಬಿಕೊಳ್ಳಬೇಕು ಅನ್ಸುತ್ತೆ. ತುಂಬಾ ಅನ್ಸುತ್ತೆ. ಏನ್ಮಾಡೋದು? ಮನೆಗೆ ಬಂದು ಚಹಾ ಕಾಯಿಸ್ಕೋತೀನಿ," ಅನ್ನುತ್ತಾರೆ. ಸ್ವಂತಕ್ಕೆ ಒಂದು ನಾಯಿ ಇಟ್ಟುಕೊಳ್ಳಬಾರದೇ ಎಂದರೆ, ದಿನಕ್ಕೊಂದು ನಾಯಿಯ ವಾಸನೆ ಹೊತ್ತು ಬರುವ ಯಜಮಾನಿಯನ್ನು ಯಾವ ನಾಯಿ ಸಹಿಸೀತು ಎಂದು ಮಾತು ತೇಲಿಸುತ್ತಾರೆ.

ಕ್ಯಾಪ್ಟನ್ ಮೊದಮೊದಲು ಗೇಟಿನ ಬಳಿ ಕೂತಿರುತ್ತಿತ್ತಂತೆ. ಆಮೇಲೆ ಗೇಟಿಗೂ ಬಾಗಿಲಿಗೂ ನಡುವೆ. ಈಗ ಜಸೀರಾ ಕಾರ್ಖಾನೆಯಿಂದ ಬರುವ ಹೊತ್ತಿಗೆ ಮಾತ್ರ ಗೇಟಿಗೆ ಹೋಗುತ್ತದೆ. ಈ ಸುದ್ದಿ ಬಂದ ಭಾನುವಾರವೇ ಟೊರಾಂಟೊದಿಂದ ಜಿಮ್ಮಿಯ ಕರೆ. ಡೀಲಿಯಾಗೆ ದಿಗಿಲು. ಹೋದವರಿಗೆ ಯಾವ ಉತ್ತರ ಬೇಕಿರುತ್ತದೆ ಎಂದು ಇಷ್ಟು ವರ್ಷವಾದರೂ ಅವರಿಗೆ ತಿಳಿಯದು. ಚೆನ್ನಾಗಿದೆ ಅಂದರೆ ಮರೆತುಬಿಟ್ಟಿತೇ ಎಂದು ಅಳುತ್ತಾರೆ, ಕೊರಗುತ್ತಿದೆ ಅಂದರೂ ಅಳುತ್ತಾರೆ.

"ಹೇಗಿದಾನೆ?" ಎಂದರು ಜಿಮ್ಮಿ.

"ಚೆನ್ನಾಗಿ ಉಣ್ತಾನೆ ಜಿಮ್ಮಿ. ಜಸೀರಾ ಬರೋ ಹೊತ್ತಿಗೆ ಗೇಟಿಗೆ ಹೋಗಿ ಕಾಯ್ತಾನಂತೆ."

ಆ ಕಡೆ ತೆರೇಸಾಳ ಟಿವಿಯ ದನಿಯಷ್ಟೇ ಕೇಳುತ್ತಿತ್ತು. ಆಮೇಲೆ ಜಿಮ್ಮಿ, "ಹೋಗ್ಲಿ ಬಿಡು. ನಮ್ಮಿಬ್ಬರಲ್ಲಿ ಒಬ್ಬನಿಗಾದ್ರೂ ಮನೆ ಸಿಕ್ತಲ್ಲ," ಎಂದರು.

ಇದನ್ನು ಹೇಳುವಾಗ ಡೀಲಿಯಾ ಕೆಟಲ್ ಕಡೆ ತಿರುಗಿ ನಿಲ್ಲುತ್ತಾರೆ. ಅದಕ್ಕೆ ನೀವೇನಂದಿರಿ ಎಂದು ಕೇಳಿದರೆ ಕೆಟಲ್‌ಗೆ ನೀರು ತುಂಬುತ್ತಲೇ ಹೇಳುತ್ತಾರೆ.

"ಏನು ಹೇಳ್ಲಿ? ನನಗೆ ಬರೋದು ನಾಯಿ ತಗೊಂಡೋರಿಗೆ ಹೇಳೋ ಮಾತು ಒಂದೇ. ಅದನ್ನೇ ಹೇಳಿದೆ. 'ಜಿಮ್ಮಿ, ಮೊದಮೊದಲು ಯಾರಿಗೂ ಊಟ ಸೇರಲ್ಲ. ಬಾಗಿಲ ಹತ್ರಾನೇ ಕೂತಿರ್ಬೇಕು ಅನ್ಸುತ್ತೆ. ಕೂತಿರು, ಪರವಾಗಿಲ್ಲ. ತೆರೇಸಾಗೆ ಹೇಳು, ಬಲವಂತ ಮಾಡಬೇಡ, ಪಕ್ಕದಲ್ಲಿ ಸುಮ್ಮನೆ ಕೂತ್ಕೋ ಅಂತ.'"